ರೊಟೊರುವಾದಲ್ಲಿ ನಿಮ್ಮ ಮಗನನ್ನು ಕರೆದದ್ದು ಯಾರು

ಅತ್ತೆಯವರೇ,

ನಿಮ್ಮ ಸೊಸೆ ಸುಗುಣಾ ಬರೆಯುತ್ತಿದ್ದೇನೆ. ನೀವು ಹೋದ ಮೇಲೆ ನಿಮಗೆ ಬರೆಯುತ್ತಿರುವುದು ಇದೇ ಮೊದಲು. ನೀವಿರುವ ಕಡೆ ಯಾವುದಕ್ಕೂ ಕೊರತೆ ಇರಲಾರದು, ಅದಕ್ಕೇ ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕ್ಷಮೆ ಕೇಳುವುದಕ್ಕೂ ಈ ಕಾಗದವಲ್ಲ. ನಿಮ್ಮ ಮನೆಯ ಒಂದು ಕಟ್ಟಳೆಯನ್ನು ನಾನು ಮುರಿದಿದ್ದೇನೆ. ಅದು ಬೇರೆಯವರ ಬಾಯಿಂದ ನಿಮಗೆ ತಿಳಿಯಬಾರದು, ಅಷ್ಟೇ.

ನಾನು ಮದುವೆಯಾಗಿ ಬಂದ ಮಾರನೆಯ ಬೆಳಗ್ಗೆ ನೆನಪಿದೆಯೇ? ಇನ್ನೂ ಕತ್ತಲು. ನಡುಮನೆಯ ಪಕ್ಕದ ಪುಟ್ಟ ಕೋಣೆಯಿಂದ ಇವರ ದನಿ ಕೇಳಿತು, ಯಾರೊಂದಿಗೋ ಗಟ್ಟಿಯಾಗಿ ಮಾತಾಡುವ ಹಾಗೆ. ಗಾಬರಿಯಾಗಿ ಬಾಗಿಲ ಹತ್ತಿರ ಹೋದೆ. ನೀವು ಅಡುಗೆಮನೆಯಿಂದ ಬಂದು ನನ್ನ ರಟ್ಟೆ ಹಿಡಿದಿರಿ. "ಪ್ರಾರ್ಥನೇಲಿದಾನೆ. ಒಳಗಿದ್ದಾಗ ಕರೀಬಾರದು, ಬಾಗಿಲು ತಟ್ಟಬಾರದು. ಮನೆಗೆ ಬೆಂಕಿ ಬಿದ್ರೂ ನಾವೇ ಆರಿಸ್ಕೋಬೇಕು" ಅಂದಿರಿ. ಚಿಲಕ ಹಾಕಿ, ಕಿಟಕಿ ಮುಚ್ಚಿ, ಒಬ್ಬರೇ, ಗಟ್ಟಿಯಾಗಿ. ಹಾಗೆಂದು ಮಗನಿಗೆ ಕಲಿಸಿದವರು ನೀವು. ಹೆಸರುಗಳ ಸಾಲನ್ನೂ ನೀವೇ ಹಾಕಿಕೊಟ್ಟದ್ದು. ಮೊದಲು ತಾಯಿ, ಆಮೇಲೆ ಚರ್ಚಿನ ಸಭೆ, ಆಮೇಲೆ ಕಾಯಿಲೆಯವರು ಒಬ್ಬೊಬ್ಬರಾಗಿ, ಆಮೇಲೆ ಮಕ್ಕಳು ಮೊಮ್ಮಕ್ಕಳು, ಕೊನೆಗೆ ನಾನು. ನನ್ನ ಹೆಸರು ಬಂತೆಂದರೆ ಆಮೆನ್ ಹತ್ತಿರ ಬಂತು, ಕಾಫಿ ಬಿಸಿಗಿಡಬಹುದು. ಇಷ್ಟು ವರ್ಷ ನನ್ನ ಬೆಳಗಿನ ಗಡಿಯಾರ ಅದೇ.

ನಮ್ಮ ತಂದೆ ತೀರಿಕೊಂಡ ಸುದ್ದಿ ಬಂದ ಬೆಳಗ್ಗೆಯನ್ನೂ ನೀವು ಮರೆತಿರಲಾರಿರಿ. ನನ್ನ ಅಣ್ಣ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದು ಜಗಲಿಯ ಮೇಲೆ ಕುಸಿದು ಕೂತಿದ್ದ. ಮೊದಲ ಬಸ್ಸು ಹೊರಡುವ ಹೊತ್ತು. ಒಳಗೆ ಇವರು ಕಾಯಿಲೆಯವರ ಹೆಸರು ಹೇಳುತ್ತಿದ್ದರು, ಅದರಲ್ಲಿ ನಮ್ಮ ತಂದೆಯ ಹೆಸರೂ ಇತ್ತು. ಸತ್ತವರನ್ನು ಗುಣಮಾಡು ಎಂದು ಇವರು ಬೇಡುವುದನ್ನು ನಾನು ಹೊರಗೆ ನಿಂತು ಕೇಳಿದೆ. ಬಾಗಿಲು ತಟ್ಟಲು ಕೈ ಎತ್ತಿದೆ, ನೀವು ಆ ಕೈ ಹಿಡಿದುಕೊಂಡಿರಿ. ನೋಯುವ ಹಾಗೆ ಹಿಡಿಯಲಿಲ್ಲ, ಆದರೆ ಬಿಡಲಿಲ್ಲ. ಇವರನ್ನು ಬಿಟ್ಟು ನಾನು ಹೊರಡುವ ಹಾಗಿರಲಿಲ್ಲ, ಬಸ್ಸು ಹೋಯಿತು. ನಾವು ತಲುಪುವಷ್ಟರಲ್ಲಿ ಪೆಟ್ಟಿಗೆಗೆ ಮೊಳೆ ಹೊಡೆದಾಗಿತ್ತು. ಆಗ ನಿಮ್ಮನ್ನು ನಾನು ಏನೂ ಕೇಳಲಿಲ್ಲ. ಈಗ ಕೇಳುತ್ತೇನೆ. ಒಂದು ಸಲ ತಟ್ಟಿದ್ದರೆ ದೇವರು ಎದ್ದು ಹೊರಟುಬಿಡುತ್ತಿದ್ದರೇ?

ಆ ಸಿಟ್ಟು ಇಟ್ಟುಕೊಂಡೇ ನಿಮ್ಮ ಹಿಂದೆ ನಡೆದೆ. ಊರೆಲ್ಲ ನಿಮ್ಮನ್ನು ಬೈಬಲಮ್ಮ ಅನ್ನುತ್ತಿತ್ತು. ಕೈಚೀಲದಲ್ಲಿ ಪುಸ್ತಕ, ಹೊಲಿಗೆ ದಾರ, ಮಕ್ಕಳಿಗೆ ಪೆಪ್ಪರಮೆಂಟು ಹಾಕಿಕೊಂಡು ಮನೆಮನೆಗೆ ಹೋಗುತ್ತಿದ್ದ ನೀವು ಒಂದು ದಿನ ಆ ಚೀಲವನ್ನು ನನ್ನ ಹೆಗಲಿಗೆ ಹಾಕಿದಿರಿ. ಕೂರು ಅನ್ನುವವರೆಗೆ ಕೂರಬೇಡ, ನೀರು ಕೊಟ್ಟರೆ ಬೇಡ ಅನ್ನಬೇಡ, ದೇವರ ವಿಷಯ ಎತ್ತುವ ಮುಂಚೆ ಅವರ ಮಗುವಿನ ಕೆಮ್ಮು ಹೇಗಿದೆ ಕೇಳು. ಹೈಸ್ಕೂಲಿನ ಆಚೆಗೆ ನಾನು ಓದಿದ್ದು ಅಷ್ಟೇ, ನಿಮ್ಮ ಹತ್ತಿರ. ಅದರಲ್ಲಿ ನಾನು ಫೇಲಾಗಲಿಲ್ಲ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ. ಇವತ್ತು ನಾನು ನ್ಯೂಜಿಲೆಂಡಿನಲ್ಲಿ ಕೂತು ಬರೆಯುತ್ತಿದ್ದರೆ ಆ ಚೀಲ ಇಲ್ಲಿಯವರೆಗೆ ಬಂದಿದೆ ಎಂದು ತಿಳಿಯಿರಿ.

ನಮ್ಮ ಸಭೆಯವರು ನಿವೃತ್ತ ದಂಪತಿಗಳನ್ನು ಹೊರದೇಶದ ಸೇವೆಗೆ ಕಳಿಸುತ್ತೇವೆ ಎಂದಾಗ ಇವರು ಆ ದಿನವೇ ಹೆಸರು ಕೊಟ್ಟುಬಂದರು. ಮಿಷನರಿ ದೊರೆಗಳು ನಮ್ಮೂರಿಗೆ ಬಂದ ಕಾಲವನ್ನು ನೋಡಿದವರು ನೀವು, ನಮ್ಮವರು ಮಿಷನರಿಗಳಾಗಿ ಅವರ ಕಡೆಗೆ ಹೋಗುವುದನ್ನು ನೋಡಲಿಲ್ಲ. ಆಕ್ಲೆಂಡಿನ ಹಿಲ್ಸ್‌ಬರೋದಲ್ಲಿ ನಮಗೆ ಎರಡು ಕೋಣೆಯ ಮನೆ. ಆಸ್ಪತ್ರೆಯಲ್ಲಿ ಒಂಟಿಯಾಗಿ ಮಲಗಿದವರ ಹತ್ತಿರ ಕೂರುತ್ತೇವೆ, ವೃದ್ಧಾಶ್ರಮಗಳಿಗೆ ಹೋಗುತ್ತೇವೆ. ಪುಕೆಕೊಹೆಯಲ್ಲಿ ಈರುಳ್ಳಿ, ಆಲೂಗೆಡ್ಡೆ ಮೂಟೆ ಕಟ್ಟುವ ಶೆಡ್ಡುಗಳಿಗೆ ಹೋಗಿ ಅಲ್ಲಿನ ನಮ್ಮ ಹೆಂಗಸರಿಗೆ ಚಿತ್ರಾನ್ನ ಕೊಟ್ಟು ಬರುತ್ತೇವೆ. ನಮ್ಮ ಹಾಗೆಯೇ ಇನ್ನೊಂದು ಜೋಡಿ ಇದೆ, ಗದಗ ಕಡೆಯ ಪ್ರಭಾಕರ, ನಿರ್ಮಲಾ. ಮಕ್ಕಳ ಜೊತೆ ಇಲ್ಲಿಗೆ ಬಂದು ಬಹಳ ವರ್ಷವಾಯಿತು. ವ್ಯಾನು ಅವರದು, ದಾರಿ ಅವರಿಗೆ ಗೊತ್ತು, ಬಾಯಿಯೂ ಅವರದೇ.

ಬಿಳಿಯ ಮಿಷನರಿ ದಂಪತಿಗಳು ಬೇಸಿಗೆಯಲ್ಲಿ ನೀಲಗಿರಿಗೆ ಹೊರಟರೆ ನೀವು ಮೂಗು ಮುರಿಯುತ್ತಿದ್ದಿರಿ. "ಸೇವೆಗೆ ಬಂದೋರಿಗೆ ತಂಪು ಬೇರೆ ಬೇಕು." ನಮಗೂ ಇಲ್ಲಿ ಆಗಾಗ ಎರಡು ದಿನ ರಜೆ ಕೊಡುತ್ತಾರೆ, ನೋಡುವ ಜಾಗ ನೋಡಿಬನ್ನಿ ಎಂದು. ನಾವು ತಂಪಿಗೆ ಹೋಗಲಿಲ್ಲ, ಕುದಿಯುವ ಊರಿಗೆ ಹೋದೆವು. ರೊಟೊರುವಾ ಅಂತ. ನೆಲದ ಕೆಳಗೆ ಜ್ವಾಲಾಮುಖಿ ಮಲಗಿದೆ, ಮೇಲೆ ಜನ ಮನೆ ಕಟ್ಟಿಕೊಂಡು, ಮಕ್ಕಳನ್ನು ಶಾಲೆಗೆ ಕಳಿಸಿಕೊಂಡು ಇದ್ದಾರೆ. ರಸ್ತೆ ಬದಿಯ ಚರಂಡಿಯಿಂದ ಹಬೆ ಏಳುತ್ತದೆ. ಬೇಲಿ ಹಾಕಿದ ಗುಂಡಿಗಳಲ್ಲಿ ಬೂದು ಬಣ್ಣದ ಕೆಸರು ರಾಗಿ ಅಂಬಲಿಯ ಹಾಗೆ ಗುಳುಗುಳು ಅನ್ನುತ್ತದೆ. ಊರಿಗೆಲ್ಲ ಕೊಳೆತ ಮೊಟ್ಟೆಯ ವಾಸನೆ.

"ಯಾಕ್ರೀ ಅಕ್ಕಾರ, ಸೆರಗು ಮೂಗಿನ ಮ್ಯಾಲಿಂದ ಇಳಿಯವಲ್ದಲ್ಲ" ಎಂದರು ನಿರ್ಮಲಾ.

"ನಿಮಗೆ ಹೇಗೆ ಅಭ್ಯಾಸವಾಯಿತೋ."

"ಇವರ ಸಾಕ್ಸ್ ತೊಳೀತೀನಲ್ರೀ."

ಪ್ರಭಾಕರ ಬಿಡುವ ಜನವೇ? "ನಮ್ಮ ಪಾಸ್ಟರ್ ನರಕದ ಬಗ್ಗೆ ತಾಸುಗಟ್ಟಲೆ ಹೇಳ್ತಾರ. ಸಭಾದವರನ್ನೆಲ್ಲಾ ಬಸ್ಸಿನಾಗ ತುಂಬಿ ಇಲ್ಲಿ ತಂದು ಇಳಿಸಿದ್ರ ಪ್ರಸಂಗದ್ದೇ ಗರಜಿಲ್ಲ" ಎಂದರು. ನಾನು ನಕ್ಕೆ. ಇವರು ನಗಲಿಲ್ಲ. ಬೇಲಿಗೆ ಕೈ ಊರಿ ಆ ಕೆಸರನ್ನೇ ನೋಡುತ್ತ, "ನಾಳೆ ಬೆಳಗ್ಗೆ ಪ್ರಾರ್ಥನೆಗೆ ಜಾಗ ಎಲ್ಲಿ?" ಎಂದು ಕೇಳಿದರು.

ನಾವು ಇಳಿದುಕೊಂಡ ಮೋಟೆಲಿನಲ್ಲಿ ಚಿಲಕ ಹಾಕುವ ಕೋಣೆಯೇ ಇರಲಿಲ್ಲ. ಒಂದು ಹಾಲು, ಮಧ್ಯೆ ಪರದೆ, ಆ ಕಡೆ ಅವರಿಬ್ಬರು, ಈ ಕಡೆ ನಾವು. ಹಿತ್ತಿಲಲ್ಲಿ ಹಲಗೆಯ ಒಂದು ಸ್ನಾನದ ಮನೆ. ನೆಲದಲ್ಲಿ ಸಿಮೆಂಟಿನ ತೊಟ್ಟಿ, ಭೂಮಿಯೊಳಗಿಂದ ಬರುವ ಬಿಸಿನೀರು. ಗೋಡೆಯ ಕೆಳಗೂ ಮೇಲೂ ಗಾಳಿಕಿಂಡಿಗಳು. ಬಾಗಿಲ ಪಕ್ಕ ಕೆಂಪಕ್ಷರದ ಬೋರ್ಡು: ಗಾಳಿಕಿಂಡಿ ಮುಚ್ಚಬೇಡಿ, ಒಬ್ಬರೇ ಒಳಗೆ ಹೋಗಬೇಡಿ, ಹೆಚ್ಚು ಹೊತ್ತು ಇರಬೇಡಿ. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿಗೂ ಅರ್ಥವಾಗುವ ಬೋರ್ಡು. ಮೋಟೆಲಿನ ಯಜಮಾನಿ ಬೀಗದಕೈ ಕೊಡುವಾಗ ಅದನ್ನೇ ಬಾಯಲ್ಲೂ ಹೇಳಿದ್ದಳು.

ಬೆಳಕು ಹರಿಯುವ ಹೊತ್ತಿಗೆ ಇವರು ಶಾಲು ಹೊದ್ದು ಆ ಕಡೆ ಹೊರಟರು. "ಅಲ್ಲಿ ಬೇಡ, ಬೋರ್ಡು ನೋಡಲಿಲ್ಲವಾ?" ಎಂದೆ.

"ಅದು ನೀರಿಗೆ ಇಳಿಯೋರಿಗೆ. ನಾನು ನೀರು ಮುಟ್ಟೋದಿಲ್ಲ."

ಮೇಷ್ಟರಾಗಿದ್ದವರು. ಮಾತು ಸರಿಯಾಗಿಯೇ ಇದ್ದ ಹಾಗೆ ಕೇಳಿಸಿತು. ಅವರು ಕಂಕುಳಲ್ಲಿ ಮೋಟೆಲಿನ ಟವೆಲುಗಳನ್ನೆಲ್ಲ ಒಯ್ದಿದ್ದು ಶಾಲಿನೊಳಗೆ ನನಗೆ ಕಾಣಲಿಲ್ಲ. ಹಿಲ್ಸ್‌ಬರೋದಲ್ಲಿ ಇವರ ಗಟ್ಟಿ ಪ್ರಾರ್ಥನೆ ಕೇಳಿ ಪಕ್ಕದ ಮನೆಯವನೊಬ್ಬ ಯಾರಿಗೋ ಹುಷಾರಿಲ್ಲವೇನೋ ಎಂದು ಓಡಿಬಂದಿದ್ದ. ಅಂದಿನಿಂದ ಇವರಿಗೆ ಸಂಕೋಚ. ಇಲ್ಲಿ ಸುತ್ತಲೂ ಪ್ರವಾಸಿಗಳು ಮಲಗಿದ್ದಾರೆ, ದನಿ ಹೊರಗೆ ಹೋಗಬಾರದು. ದನಿ ಇಳಿಸಿ ಪ್ರಾರ್ಥಿಸಬಹುದಿತ್ತಲ್ಲ? ಅದನ್ನು ಅವರಿಗೆ ನೀವು ಕಲಿಸಲಿಲ್ಲ. ಅದಕ್ಕೆ ಕಿಂಡಿಗಳಿಗೆ ಟವೆಲು ತುರುಕಿದರು, ಬಾಗಿಲಿನ ಚಿಲಕ ಹಾಕಿಕೊಂಡರು.

ನಾನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತೆ. ವ್ಯಾನಿನ ಗಾಜಿನ ಮೇಲೆ ಮಂಜು ಗಟ್ಟಿಯಾಗಿತ್ತು. ಇವರ ದನಿ ಮೂಟೆಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ನಿಮ್ಮ ಹೆಸರು ಬಂತು. ಸಭೆ ಬಂತು. ಕಾಯಿಲೆಯವರು ಶುರುವಾದರು. ಪುಕೆಕೊಹೆಯಲ್ಲಿ ಬೆನ್ನುನೋವಿನಿಂದ ಕೆಲಸ ಬಿಟ್ಟ ರತ್ನಮ್ಮನ ಹೆಸರು ಬಂತು. ಮತ್ತೆ ಅದೇ ಹೆಸರು. ಆಮೇಲೆ ಅದರ ಅರ್ಧ. ಆಮೇಲೆ ಏನೂ ಇಲ್ಲ.

ಮುಂದಿನ ಹೆಸರು ಯಾವುದೆಂದು ನನಗೆ ಗೊತ್ತಿತ್ತು. ಅದಕ್ಕೆ ಕಾದೆ. ಅಳುತ್ತಿರಬಹುದು, ಕೆಲವೊಮ್ಮೆ ಅಳುತ್ತಾರೆ. ಬಾಗಿಲವರೆಗೆ ಹೋದೆ. ಕೈ ಎತ್ತಿದೆ. ಅತ್ತೆಯವರೇ, ನನಗೆ ಎಪ್ಪತ್ತು ಹತ್ತಿರವಾಯಿತು. ನಾಲ್ಕು ಮಕ್ಕಳನ್ನು ಸಾಕಿದ್ದೇನೆ, ಸೊಸೆಯರು ನನ್ನ ಹೆಜ್ಜೆ ಸಪ್ಪಳಕ್ಕೆ ಟಿವಿ ಆರಿಸುತ್ತಾರೆ. ಅಂಥ ನಾನು ನೀವು ಹಿಡಿದುಕೊಂಡ ಆ ಕೈಯನ್ನು ಗಾಳಿಯಲ್ಲೇ ಹಿಡಿದು ನಿಂತಿದ್ದೆ. ನೀವು ಸತ್ತು ಎಷ್ಟು ಕಾಲವಾಯಿತು, ಇನ್ನೂ ಬಿಟ್ಟಿರಲಿಲ್ಲ...

ನಿರ್ಮಲಾ ಚಹಾ ಹಿಡಿದು ಹೊರಗೆ ಬಂದರು. "ಸರ್ ಎಲ್ರೀ?"

"ಒಳಗೆ. ಪ್ರಾರ್ಥನೆ."

"ಅಲ್ಲಿ? ಬಾಗಲಾ ಹಾಕ್ಕೊಂಡು?" ಅವರ ಕಣ್ಣು ಗಾಳಿಕಿಂಡಿಯ ಕಡೆ ಹೋಯಿತು. ಹಲಗೆಗಳ ಸಂದಿಯಲ್ಲಿ ಬಿಳಿ ಬಟ್ಟೆ. ಚಹಾ ಕೆಳಗೆ ಬಿತ್ತು. "ಅಕ್ಕಾರ, ಕರೀರಿ ಅವರನ್ನ. ಈಗ ಕರೀರಿ."

"ಪ್ರಾರ್ಥನೆಯಲ್ಲಿದ್ದಾಗ..."

"ಪ್ರಾರ್ಥನಾ ಎಲ್ಲಿ ಕೇಳಸಾಕತ್ತೈತ್ರೀ?"

ಆಗ ತಟ್ಟಿದೆ. ತಟ್ಟಿದೆ ಎಂದರೇನು, ಎರಡೂ ಕೈಯಿಂದ ಬಡಿದೆ. "ರೀ" ಎಂದೆ. "ರೀ, ಬಾಗಿಲು ತೆಗೀರಿ." ಉತ್ತರವಿಲ್ಲ. ಮದುವೆಯಾದಂದಿನಿಂದ ನಾನು ಅವರನ್ನು ಕರೆದದ್ದು ಆ ಒಂದು ಅಕ್ಷರದಿಂದ. ಅದು ಆ ಹಲಗೆಯನ್ನು ದಾಟುತ್ತಿರಲಿಲ್ಲ. ಆಮೇಲೆ ನನ್ನ ಬಾಯಿಂದ ಬಂದದ್ದು ನಿಮ್ಮದು. ಹಿತ್ತಿಲಲ್ಲಿ ನಿಂತು ನೀವು ಇವರನ್ನು ಊಟಕ್ಕೆ ಕರೆಯುತ್ತಿದ್ದ ಹಾಗೆ, "ದಾಸೂ" ಎಂದು ಎಳೆದು ಕೂಗಿದೆ. ನೀವು ಹೋದ ಮೇಲೆ ಆ ಹೆಸರನ್ನು ಯಾರೂ ಅಂದಿರಲಿಲ್ಲ. ಇನ್ನೊಮ್ಮೆ ಕೂಗಿದೆ, ಮತ್ತೊಮ್ಮೆ ಕೂಗಿದೆ. ಅಕ್ಕಪಕ್ಕದ ಬಾಗಿಲುಗಳು ತೆರೆದುಕೊಂಡವು. ಒಳಗೆ ಏನೋ ತೆವಳಿದ ಸದ್ದಾಯಿತು, ಆಮೇಲೆ ಚಿಲಕಕ್ಕೆ ಉಗುರು ತಾಗಿದ ಸದ್ದು. ಆಮೇಲೆ ಅದೂ ನಿಂತಿತು.

ಪ್ರಭಾಕರ ಪಾಯಿಜಾಮದಲ್ಲೇ ಓಡಿಬಂದು ಭುಜ ಕೊಟ್ಟರು. ನಿರ್ಮಲಾ ಕಿಂಡಿಯ ಟವೆಲುಗಳನ್ನು ಕಿತ್ತು ಎಸೆಯುತ್ತ, "ಉಸಿರು ಬಿಗಿ ಹಿಡೀರಿ, ಒಳಗ ಕಾಲಿಡಬ್ಯಾಡ್ರಿ, ಎಳಕೊಳ್ರಿ ಅಷ್ಟ" ಎನ್ನುತ್ತಿದ್ದರು. ಚಿಲಕ ಮುರಿದು ಬಾಗಿಲು ಅರ್ಧ ತೆರೆಯಿತು. ಇನ್ನರ್ಧಕ್ಕೆ ನಿಮ್ಮ ಮಗ ಅಡ್ಡ ಬಿದ್ದಿದ್ದರು. ನಾನೇ ಅಂಗಿ ಹಿಡಿದು ಎಳೆದೆ. ಹುಲ್ಲಿನ ಮೇಲೆ ಮಲಗಿಸಿದಾಗ ಮುಖ ಅಲ್ಲಿನ ಕೆಸರಿನ ಬಣ್ಣಕ್ಕೆ ತಿರುಗಿತ್ತು.

ಆಂಬುಲೆನ್ಸಿನ ಹುಡುಗಿ ಮೂಗಿಗೆ ಆಮ್ಲಜನಕ ಕಟ್ಟುತ್ತ ನನಗೆ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದಳು. ಈ ಬಿಸಿನೀರಿನ ಜೊತೆ ವಿಷಗಾಳಿ ಬರುತ್ತದೆ. ಸ್ವಲ್ಪ ಇದ್ದರೆ ನಾರುತ್ತದೆ, ಹೆಚ್ಚಾದರೆ ಮೂಗಿಗೆ ಏನೂ ತಿಳಿಯುವುದಿಲ್ಲ. ನೀರಿಗೆ ಇಳಿದರೂ ಒಂದೇ, ಇಳಿಯದಿದ್ದರೂ ಒಂದೇ. ಇವರು ತೊಟ್ಟಿಯ ಪಕ್ಕದಲ್ಲೇ ಬಿದ್ದಿದ್ದರೆ ತಾನು ಬೇರೆ ಮಾತು ಹೇಳಬೇಕಾಗಿತ್ತು ಎಂದಳು. ಬಾಗಿಲ ತಳದ ಸಂದಿಗೆ ಮುಖವಿಟ್ಟು ಬಿದ್ದಿದ್ದಕ್ಕೆ ಒಂದಿಷ್ಟು ಒಳ್ಳೆಯ ಗಾಳಿ ಸಿಕ್ಕಿತ್ತು. "ಅವರು ಬಾಗಿಲಿನ ಹತ್ತಿರ ಯಾಕೆ ಬಂದರು?" ಎಂದು ಕೇಳಿದಳು. ಕೂಗಿ ಕೂಗಿ ನನ್ನ ಗಂಟಲು ಒಡೆದುಹೋಗಿತ್ತು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಇವರು ಮೊದಲು ಹೇಳಿದ ಮಾತು, "ಅಮ್ಮ ಕರೆದಳು." ನಾನು ಹೊದಿಕೆ ಸರಿಮಾಡಿದೆ, ನೀರು ಕುಡಿಸಿದೆ. ಕಾಯಿಲೆಯವರ ಜೊತೆ ವಾದ ಮಾಡಬಾರದು ಎಂದು ನೀವೇ ಕಲಿಸಿದ್ದಿರಿ. ಹಿಲ್ಸ್‌ಬರೋಗೆ ಬಂದ ಮೇಲೂ ಅದೇ. ಕಿಟಕಿಯ ಹತ್ತಿರ ಕೂತು ತಮ್ಮಷ್ಟಕ್ಕೆ ನಗುತ್ತಿದ್ದರು, ಚಿಕ್ಕ ಮಗುವಿನ ಹಾಗೆ. ಆ ನಗುವನ್ನು ಕಿತ್ತುಕೊಳ್ಳಲು ನನಗೂ ಮನಸ್ಸಾಗಲಿಲ್ಲ. ಹೋಗಲಿ, ತಾಯಿಯದೇ ಆಗಲಿ, ಜೀವ ಉಳಿಯಿತಲ್ಲ ಎಂದುಕೊಂಡೆ.

ಆದರೆ ಕಳೆದ ಭಾನುವಾರ ದೇವರು ತಮ್ಮನ್ನು ಉಳಿಸಿದ್ದಕ್ಕೆ ಇವರು ಸಾಕ್ಷಿ ಹೇಳಲು ಎದ್ದು ನಿಂತರು. ನಮ್ಮ ಕನ್ನಡ ಸಭೆ ಸೇರುವ ಹಾಲು ತುಂಬಿತ್ತು. ಮರಣದ ಕೋಣೆಯಲ್ಲಿ ತಾಯಿಯ ದನಿ ಕೇಳಿತು ಎಂದರು. ಜನ ಸ್ತೋತ್ರ ಅಂದರು. ಹಿಂದಿನ ಬೆಂಚಿನಲ್ಲಿ ಇಲ್ಲೇ ಹುಟ್ಟಿದ ಹುಡುಗಿಯೊಬ್ಬಳು "ಸೋ ಕೂಲ್" ಎಂದು ಪಿಸುಗುಟ್ಟಿದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸುಮ್ಮನಿರುತ್ತಿದ್ದೆ. ಇವರು ಮುಂದುವರಿಸಿದರು. ಮುಂದಿನ ರಜೆಯಲ್ಲಿ ಮತ್ತೆ ರೊಟೊರುವಾಕ್ಕೆ ಹೋಗುತ್ತಾರಂತೆ. ಅದೇ ಜಾಗ, ಅದೇ ಬಾಗಿಲು, ಒಬ್ಬರೇ. "ಅಲ್ಲಿ ಕೂತು ಕೃತಜ್ಞತೆ ಹೇಳಬೇಕು. ನನಗೇನೂ ಆಗೋದಿಲ್ಲ. ಅಮ್ಮ ಇದ್ದಾಳೆ, ಕರೀತಾಳೆ."

ನಾನು ಎದ್ದೆ. ನೀವು ಇದ್ದಿದ್ದರೆ ಸೆರಗು ಹಿಡಿದು ಕೂರಿಸುತ್ತಿದ್ದಿರಿ. ಗಂಡ ಸಾಕ್ಷಿ ಹೇಳುವಾಗ ಹೆಂಡತಿ ಎದ್ದದ್ದು ನಮ್ಮ ವಂಶದಲ್ಲೇ ಇಲ್ಲ. "ಕರೆದದ್ದು ನಾನು" ಎಂದೆ. "ಅತ್ತೆಯವರಲ್ಲ. ಅವರು ಇದ್ದಿದ್ದರೆ ಕರೆಯಲು ಬಿಡುತ್ತಲೂ ಇರಲಿಲ್ಲ. ಇವರು ಮತ್ತೆ ಅಲ್ಲಿಗೆ ಹೋದರೆ ಹೆಣ ತರಬೇಕಾಗುತ್ತದೆ. ಯಾರೂ ಸ್ತೋತ್ರ ಅನ್ನಬೇಡಿ."

ಜನ ತಿರುಗಿ ನನ್ನನ್ನು ನೋಡಿದರು. ಆಮೇಲೆ ಮೂಲೆಯಿಂದ ನಿರ್ಮಲಾ, "ಹೌದ್ರಿ, ನಾ ಅಲ್ಲೇ ಇದ್ದೆ. ಅಕ್ಕಾರ ಒದರಿದ್ದು ಇಡೀ ಊರಿಗೆ ಕೇಳೇತಿ" ಎಂದರು. ಇವರು ಮೈಕು ಕೆಳಗಿಟ್ಟು ಬಂದು ಗಂಡಸರ ಸಾಲಿನಲ್ಲಿ ಕೂತರು. ನನ್ನ ಕಡೆ ನೋಡಲಿಲ್ಲ.

ಮನೆಗೆ ಬಂದ ಮೇಲೆ ಚಪ್ಪಲಿಯನ್ನೂ ಬಿಡದೆ ನಿಂತು, "ಅಮ್ಮನ ದನಿ ನನಗೆ ಗೊತ್ತಿಲ್ಲವಾ?" ಎಂದು ಕೇಳಿದರು.

"ಅಮ್ಮನ ದನಿ ಗೊತ್ತಿದೆ. ನನ್ನ ದನಿ ಗೊತ್ತಿಲ್ಲ. ಇಷ್ಟು ವರ್ಷ ಬಾಗಿಲು ಹಾಕಿಕೊಂಡಿದ್ದಿರಲ್ಲ, ಹೇಗೆ ಗೊತ್ತಾಗಬೇಕು?"

ಇಷ್ಟನ್ನು ಆಡಿಬಿಟ್ಟೆ. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಇವರು ಚಪ್ಪಲಿ ಬಿಟ್ಟು ಒಳಗೆ ಹೋದರು. ಎರಡು ದಿನ ತಟ್ಟೆಯ ಮುಂದೆ ಬಂದು ಕೂತರು, ಎದ್ದರು, ಮಾತಿಲ್ಲ. ಬೆಳಗಿನ ಪ್ರಾರ್ಥನೆಯ ದನಿಯೂ ಇಲ್ಲ. ನಿಮ್ಮ ಮಗನ ಜೀವ ಉಳಿಸಿ ಅವರ ದೇವರನ್ನು ಕಸಿದುಕೊಂಡೆನೇ ಎಂದು ನಾನು ಎಷ್ಟು ಸಲ...

ಮೂರನೆಯ ದಿನ, ಎಂದರೆ ನಿನ್ನೆ, ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಇವರು ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ಪಕ್ಕದ ಮನೆಯವನು ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದ, ಕಿಟಕಿ ತೆರೆದೇ ಇತ್ತು.

"ಏನಂತ ಕರೆದೆ?" ಎಂದು ಕೇಳಿದರು.

"ಕೇಳಿಸಿಕೊಂಡಿದ್ದೀರಲ್ಲ."

"ಇನ್ನೊಂದು ಸಲ ಕರಿ. ನಿನ್ನ ದನೀನಾ ಅಂತ ನೋಡ್ತೀನಿ."

"ರೊಟ್ಟಿ ಸೀಯುತ್ತದೆ" ಎಂದೆ.

ಇವರು ಅಲ್ಲೇ ಕಣ್ಣು ಮುಚ್ಚಿದರು. ಆ ಯಂತ್ರದ ಗದ್ದಲದಲ್ಲಿ, ನನ್ನ ಎದುರಿಗೆ, ಮೆಲ್ಲಗೆ ಹೆಸರುಗಳನ್ನು ಶುರುಮಾಡಿದರು. ನಾನು ಒಲೆ ಆರಿಸಿ ನಿಂತು ಕೇಳಿದೆ. ಪುಕೆಕೊಹೆಯ ರತ್ನಮ್ಮನ ಹತ್ತಿರ ಬಂದು ಆ ಹೆಂಗಸಿಗೆ ಈಗ ಹೇಗಿದೆ ಎಂಬುದು ನೆನಪಾಗದೆ ಕಣ್ಣು ಬಿಟ್ಟು ನನ್ನನ್ನು ಕೇಳಿದರು. ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ ಎಂದೆ. ಸರಿ ಎಂದು ಮುಂದಿನವರ ಹೆಸರಿಗೆ ಹೋದರು.

ಅತ್ತೆಯವರೇ, ಇವರು ರೊಟೊರುವಾದ ಮಾತು ಈಗ ಎತ್ತುತ್ತಿಲ್ಲ. ಎತ್ತಿದರೆ ನಾನೂ ಜೊತೆಗೆ ಹೋಗುತ್ತೇನೆ, ಬೇಲಿಯ ಈಚೆ ಬಯಲಿನಲ್ಲಿ ಪಕ್ಕದಲ್ಲಿ ನಿಲ್ಲುತ್ತೇನೆ. ನಿಮ್ಮ ಮಗನನ್ನು ನಿಮ್ಮ ಹತ್ತಿರ ಕಳಿಸುವ ಹೊತ್ತು ಬಂದಾಗ ಅಡ್ಡ ಬರುವುದಿಲ್ಲ. ಅಲ್ಲಿಯವರೆಗೆ ಇವರು ಎಲ್ಲಿ ಮೌನವಾದರೂ ಆ ಹೆಸರು ಹಿಡಿದು ಕೂಗುತ್ತೇನೆ. ನಿಮ್ಮನ್ನು ಕೇಳಿ ಕೂಗುವುದಿಲ್ಲ.

ನಿಮ್ಮ ಸೊಸೆ,
ಸುಗುಣಾ